ಭಾನುವಾರ ಸಂಜೆ 6ಕ್ಕೆ ಮಗಳನ್ನು ಬಿಡಬೇಕು ಅಂತ ಕೋರ್ಟ್ ಆದೇಶ ಇದೆ, ಅವರು ಬಿಡುತ್ತಿಲ್ಲ. ಏನು ಮಾಡಲಿ?

ಮೈಸೂರಿನ ಅಮ್ಮ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಮ್ಮ ಡಿವೋರ್ಸ್ ಆಗಿ ಎರಡು ವರ್ಷ ಆಯಿತು. ಮಗಳಿಗೆ ಈಗ ಎಂಟು ವರ್ಷ, ಮೂರನೇ ಕ್ಲಾಸು. ಇಬ್ಬರೂ ಒಪ್ಪಿಯೇ ಬೇರೆಯಾದೆವು. ಕಸ್ಟಡಿ ನನಗೆ. ಅವಳ ಅಪ್ಪನಿಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 6ರವರೆಗೆ ಕರೆದುಕೊಂಡು ಹೋಗುವ ಹಕ್ಕಿದೆ. ದಸರಾ ಮತ್ತು ಬೇಸಿಗೆ ರಜೆ ಅರ್ಧರ್ಧ. ಇದೆಲ್ಲ ಮೀಡಿಯೇಶನ್‌ನಲ್ಲಿ ಮಾತಾಡಿ, ಇಬ್ಬರೂ ಸಹಿ ಹಾಕಿ, ಡಿಕ್ರಿಯಲ್ಲಿ, ಅಂದರೆ ಕೋರ್ಟಿನ ಅಂತಿಮ ಆದೇಶದಲ್ಲಿ, ಸೇರಿದೆ.

ಮೊದಲ ಆರು ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ 6 ಗಂಟೆ 7 ಆಯಿತು. ಟ್ರಾಫಿಕ್ ಅಂದರು. 7 ಹೋಗಿ 9:30 ಆಯಿತು. ಮಗು ಕಾರಿನಲ್ಲೇ ನಿದ್ದೆ ಹೋಗಿರುತ್ತಿದ್ದಳು, ನಾನು ಎತ್ತಿಕೊಂಡು ಬಂದು ಮಲಗಿಸುತ್ತಿದ್ದೆ. ಮುಂದೆ ಭಾನುವಾರ ಬಿಡುವುದೇ ನಿಂತಿತು. ಸೋಮವಾರ ಸೀದಾ ಶಾಲೆಗೆ ಬಿಡುತ್ತೇನೆ ಅಂತ ಒಂದು ಮೆಸೇಜು, ಅಷ್ಟೇ. ಯೂನಿಫಾರ್ಮ್ ಇಲ್ಲದೆ ಕಲರ್ ಡ್ರೆಸ್‌ನಲ್ಲಿ ಹೋಗಿ ಎರಡು ಸಲ ಡೈರಿಯಲ್ಲಿ ಬರೆಸಿಕೊಂಡು ಬಂದಿದ್ದಾಳೆ.

ಈ ದಸರಾದಲ್ಲಿ ವಿಜಯದಶಮಿಯ ಮಾರನೇ ದಿನ ಬಿಡಬೇಕಿತ್ತು. "ಅವಳಿಗೆ ಇಲ್ಲೇ ಇರಬೇಕಂತೆ, ಅತ್ತರೆ ನಾನೇನು ಮಾಡಲಿ" ಅಂತ ಮೆಸೇಜ್ ಬಂತು. ಆಮೇಲೆ ಫೋನ್ ಸ್ವಿಚ್ ಆಫ್. ಆರು ದಿನ. ರಜೆ ಮುಗಿದು ಶಾಲೆ ಶುರುವಾಗಿತ್ತು. ಅವಳ ಬ್ಯಾಗು ಬಾಗಿಲ ಪಕ್ಕದಲ್ಲೇ ಇತ್ತು. ರಾತ್ರಿ ಟೈಮ್‌ಟೇಬಲ್ ನೋಡಿ ಮರುದಿನದ ಪುಸ್ತಕ ಜೋಡಿಸಿಡುತ್ತಿದ್ದೆ. ಬೆಳಿಗ್ಗೆ ಶಾಲೆಯ ವ್ಯಾನ್ ಗೇಟಿನ ಹತ್ತಿರ ಹಾರ್ನ್ ಮಾಡಿ, ಸ್ವಲ್ಪ ಕಾದು, ಹೋಗುತ್ತಿತ್ತು.

ಠಾಣೆಗೆ ಹೋದೆ. "ಅಪ್ಪನ ಹತ್ತಿರ ತಾನೇ ಇರೋದು ಮೇಡಂ, ಇದು ಸಿವಿಲ್ ಮ್ಯಾಟರ್" ಅಂದರು. ಈಗ ಮಗಳು ವಾಪಸ್ ಬಂದಿದ್ದಾಳೆ. ಮುಂದಿನ ವಾರ ನಾಲ್ಕನೇ ಶನಿವಾರ. ನಮ್ಮಣ್ಣ ಕಳಿಸಲೇಬೇಡ ಅನ್ನುತ್ತಿದ್ದಾನೆ. ನನಗೆ ಕೈಕಾಲೇ ಆಡುತ್ತಿಲ್ಲ. ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ಹೇಳಿ.

ಹಾಸನದ ತಂಗಿ:

ಅಕ್ಕ, ನಿಮ್ಮಣ್ಣ ಹೇಳಿದ್ದೇ ಸರಿ. ಆದೇಶ ಮೊದಲು ಮುರಿದಿದ್ದು ಅವರು. ನೀವು ಮಾತ್ರ ಯಾಕೆ ಪಾಲಿಸಬೇಕು? ಎರಡು ತಿಂಗಳು ಕಳಿಸಬೇಡಿ, ಬುದ್ಧಿ ಬರುತ್ತದೆ.

ದಾವಣಗೆರೆ ಅಪ್ಪ:

ತಂಗಿ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಈ ಮಾತಿಗೆ ಉತ್ತರ ಕೊಡದೆ ಇರಲು ಆಗುತ್ತಿಲ್ಲ. ನಾನು ಆ ಕಡೆಯವನು.

ನನ್ನ ಮಗನಿಗೆ ಆರು ವರ್ಷ. ಬೆಂಗಳೂರಿನಲ್ಲಿ ಅವನ ಅಮ್ಮನ ಜೊತೆ ಇದ್ದಾನೆ. ನನಗೆ ತಿಂಗಳಲ್ಲಿ ಎರಡು ಶನಿವಾರ, ಕೋರ್ಟಿನ ಮಕ್ಕಳ ಕೋಣೆಯಲ್ಲಿ ಬೆಳಿಗ್ಗೆ 11ರಿಂದ 1ರವರೆಗೆ ಭೇಟಿ ಅಂತ ಆದೇಶ. ಬೆಳಗಿನ ಜಾವ ದಾವಣಗೆರೆ ಬಿಡುತ್ತೇನೆ. 10:30ಕ್ಕೆಲ್ಲ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದ, ಅಂದರೆ ಕೌಟುಂಬಿಕ ಕೋರ್ಟ್ ಇರುವ ಕಟ್ಟಡದ, ಮೆಟ್ಟಿಲ ಹತ್ತಿರ ಇರುತ್ತೇನೆ. ಕಳೆದ ಹದಿನಾಲ್ಕು ಸಲದಲ್ಲಿ ಅವನು ಬಂದದ್ದು ಐದು ಸಲ. ಒಂದು ಸಲ ಜ್ವರ, ಒಂದು ಸಲ ಮದುವೆ, ಉಳಿದ ಏಳು ಸಲ ಯಾವ ಕಾರಣವೂ ಇಲ್ಲ. 1 ಗಂಟೆಗೆ ತಂದ ಬೆಣ್ಣೆ ಬಿಸ್ಕತ್ತಿನ ಡಬ್ಬಿಯನ್ನು ಹಾಗೇ ವಾಪಸ್ ತೆಗೆದುಕೊಂಡು ಹೋಗುತ್ತೇನೆ.

ನನಗೂ ಕೋಪ ಬಂದಿತ್ತು. ಜೀವನಾಂಶ ನಿಲ್ಲಿಸಿಬಿಡು ಅಂತ ಸ್ನೇಹಿತರೆಲ್ಲ ಹೇಳಿದರು. ಒಂದು ತಿಂಗಳು ನಿಲ್ಲಿಸಿಯೂ ಬಿಟ್ಟೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಅವರು ಭೇಟಿ ತಪ್ಪಿಸಿದ್ದಕ್ಕೆ ನಾನು ಅರ್ಜಿ ಹಾಕಿದೆ, ಅವರು ಜೀವನಾಂಶ ಬಾಕಿ ಅಂತ ಅರ್ಜಿ ಹಾಕಿದರು. ನನ್ನ ಹದಿನಾಲ್ಕು ಶನಿವಾರಗಳ ಮಾತು ಬಿಟ್ಟು ಆ ಒಂದು ತಿಂಗಳ ಮಾತೇ ನಡೆಯಿತು. ಜೀವನಾಂಶ ಬೇರೆ, ಭೇಟಿ ಬೇರೆ. ಒಂದಕ್ಕೆ ಇನ್ನೊಂದನ್ನು ಅಡ ಇಡಬೇಡಿ ಅಂತ ಜಡ್ಜ್ ನೇರವಾಗಿ ಹೇಳಿದರು. ಬಾಕಿ ಕಟ್ಟಿದೆ.

ಅಕ್ಕ, ಕಳಿಸಬೇಡಿ ಅನ್ನುವವರ ಮಾತು ಕೇಳಬೇಡಿ. ಇವತ್ತು ಆದೇಶ ಮುರಿದವರು ಅವರೊಬ್ಬರೇ. ನೀವೂ ಕಳಿಸದಿದ್ದರೆ ಇಬ್ಬರೂ ಮುರಿದಂತೆ. ಆಮೇಲೆ ಯಾರು ಮೊದಲು ಅನ್ನುವುದನ್ನು ಯಾರೂ ಕೇಳುವುದಿಲ್ಲ.

ಹುಬ್ಬಳ್ಳಿ ವಕೀಲೆ:

ದಾವಣಗೆರೆಯ ಸರ್ ಸರಿಯಾಗಿ ಹೇಳಿದ್ದಾರೆ. ನಾನು ಹುಬ್ಬಳ್ಳಿಯಲ್ಲಿ ಕೌಟುಂಬಿಕ ಕೇಸುಗಳನ್ನೇ ಜಾಸ್ತಿ ನಡೆಸುತ್ತೇನೆ. ನಿಮ್ಮ ಕಾಗದ ನೋಡದೆ ಪೂರ್ತಿ ಸಲಹೆ ಕೊಡಲು ಆಗುವುದಿಲ್ಲ, ಆದರೆ ದಾರಿ ಯಾವುದು ಅಂತ ಹೇಳಬಹುದು.

ಮೊದಲು ಆದೇಶದ ಸರ್ಟಿಫೈಡ್ ಕಾಪಿ ತೆಗೆದು ಒಂದೊಂದು ಸಾಲು ಓದಿ. ದಿನ, ಹೊತ್ತು, ಜಾಗ ಸ್ಪಷ್ಟವಾಗಿ ಇದೆಯಾ? ನಿಮ್ಮದರಲ್ಲಿ ಹೊತ್ತು ಇದೆ, ಒಳ್ಳೆಯದು. ಎಷ್ಟೋ ಆದೇಶಗಳಲ್ಲಿ "ಅನುಕೂಲಕ್ಕೆ ತಕ್ಕಂತೆ ಭೇಟಿ" ಅಂತ ಬರೆದಿರುತ್ತಾರೆ. ಅಂಥದ್ದನ್ನು ಜಾರಿ ಮಾಡಿಸುವುದು ಬಹಳ ಕಷ್ಟ, ಯಾಕೆಂದರೆ ಏನು ಮುರಿದರು ಅಂತಲೇ ತೋರಿಸಲು ಆಗುವುದಿಲ್ಲ. ಸಹಿ ಹಾಕುವಾಗ ಜಗಳ ಮುಗಿದರೆ ಸಾಕು ಅಂತ ಆತುರ ಇರುತ್ತದೆ. ಆ ಆತುರಕ್ಕೆ ಆಮೇಲೆ ವರ್ಷಗಟ್ಟಲೆ ಬೆಲೆ ಕಟ್ಟಬೇಕಾಗುತ್ತದೆ.

ಇನ್ನು ಜಾರಿ. ಆದೇಶ ಕೊಟ್ಟ ಕೋರ್ಟಿಗೇ ವಾಪಸ್ ಹೋಗಬೇಕು. ಇದಕ್ಕೆ ಎಕ್ಸಿಕ್ಯೂಶನ್ ಪಿಟಿಷನ್ ಅನ್ನುತ್ತೇವೆ, ಅಮಲ್ಜಾರಿ ಅರ್ಜಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಲ್ಲಿನ ಆದೇಶ ಸಿವಿಲ್ ಕೋರ್ಟಿನ ಡಿಕ್ರಿಯ ಹಾಗೆಯೇ ಜಾರಿಯಾಗುತ್ತದೆ. ಬೇಕೆಂದೇ ಪಾಲಿಸದವರ ಆಸ್ತಿ ಜಪ್ತಿ ಮಾಡುವ, ಸಿವಿಲ್ ಜೈಲಿಗೆ ಕಳಿಸುವ ಅಧಿಕಾರ ಕೋರ್ಟಿಗೆ ಇದೆ. ಹೆಚ್ಚಿನ ಕೇಸುಗಳು ಅಲ್ಲಿಯವರೆಗೆ ಹೋಗುವುದೇ ಇಲ್ಲ. ನೋಟಿಸ್ ಕೈಗೆ ಬಂದು, ಜಡ್ಜ್ ಎದುರು ನಿಂತು "ಯಾಕೆ ಬಿಡಲಿಲ್ಲ" ಅನ್ನುವ ಪ್ರಶ್ನೆಗೆ ಉತ್ತರ ಹೇಳಬೇಕಾದಾಗ ಬಹಳ ಜನ ದಾರಿಗೆ ಬರುತ್ತಾರೆ.

ಡಿವೋರ್ಸ್ ಇಲ್ಲದೆ ಬರೀ ಕಸ್ಟಡಿಗಾಗಿ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಆದೇಶ ಪಡೆದವರೂ ಇಲ್ಲಿ ಇರಬಹುದು. ಆ ಕಾಯ್ದೆ ಎಲ್ಲ ಧರ್ಮದವರಿಗೂ ಬರುತ್ತದೆ. ಮಗುವನ್ನು ಹಾಜರುಪಡಿಸಿ ಅಂತ ಹೇಳಿದರೂ ಹಾಜರುಪಡಿಸದವರಿಗೆ ಅದರ 45ನೇ ಸೆಕ್ಷನ್‌ನಲ್ಲಿ ಇರುವ ದಂಡ ಮೊದಲಿಗೆ 100 ರೂಪಾಯಿವರೆಗೆ, ಬ್ರಿಟಿಷರ ಕಾಲದ್ದು. ಆದರೆ ಮಗುವನ್ನು ಕರೆತರುತ್ತೇನೆ ಅಂತ ಒಪ್ಪಿ ಬರೆದುಕೊಡುವವರೆಗೆ ಸಿವಿಲ್ ಜೈಲಿನಲ್ಲಿ ಇಡುವ ಅಧಿಕಾರವೂ ಅಲ್ಲೇ ಇದೆ.

ಅಮಲ್ಜಾರಿ ಜೊತೆಗೆ ಇನ್ನೊಂದು ಅರ್ಜಿ ಹಾಕಿ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಡಿಕ್ರಿ ಆದ ಮೇಲೂ ಮಗುವಿನ ವಿಷಯದಲ್ಲಿ ಆದೇಶ ಬದಲಿಸಲು ಬರುತ್ತದೆ. ಮಗು ಬೆಳೆದ ಹಾಗೆ ಅಗತ್ಯವೂ ಬದಲಾಗುತ್ತದೆ, ಹಾಗಾಗಿ ಕಸ್ಟಡಿ ಆದೇಶ ಶಾಶ್ವತ ಅಲ್ಲ ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ರೋಸಿ ಜೇಕಬ್ ಕೇಸಿನಲ್ಲಿ ಹೇಳಿದೆ. ಎಲ್ಲಿ ಬಿಡಬೇಕು, ತಡವಾದರೆ ಯಾರಿಗೆ ತಿಳಿಸಬೇಕು, ರಜೆಯ ಅರ್ಧ ಯಾವ ತಾರೀಖಿಗೆ ಮುಗಿಯುತ್ತದೆ, ಫೋನ್ ಯಾವ ಹೊತ್ತಿಗೆ, ಇದನ್ನೆಲ್ಲ ಸೇರಿಸಿ ಅಂತ ಕೇಳಿ. ಭೇಟಿಯನ್ನೇ ರದ್ದು ಮಾಡಿ ಅಂತ ಕೇಳಬೇಡಿ. ಮಗುವಿಗೆ ಅಪಾಯ ಇಲ್ಲದಿರುವಾಗ ಹಾಗೆ ಕೇಳಿದರೆ ನಿಮ್ಮ ಕೇಸೇ ಸಡಿಲವಾಗುತ್ತದೆ.

ಮೈಸೂರಿನ ಅಮ್ಮ:

ಮೇಡಂ, ತುಂಬ ಥ್ಯಾಂಕ್ಸ್. ಇಷ್ಟು ಬಿಡಿಸಿ ಇದುವರೆಗೆ ಯಾರೂ ಹೇಳಿರಲಿಲ್ಲ. ಇನ್ನೆರಡು ಕೇಳಬೇಕು. ಕಂಟೆಂಪ್ಟ್ (ನ್ಯಾಯಾಂಗ ನಿಂದನೆ) ಹಾಕಿ, ಕಿಡ್ನ್ಯಾಪ್ ಕೇಸ್ ಹಾಕಿ ಅಂತ ಪರಿಚಯದವರು ಹೇಳುತ್ತಿದ್ದಾರೆ. ಮತ್ತೆ, ಮಗಳು ನಿಜವಾಗಿಯೂ ಅಲ್ಲೇ ಇರಬೇಕು ಅಂದಿದ್ದರೆ? ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹುಬ್ಬಳ್ಳಿ ವಕೀಲೆ:

ಕಂಟೆಂಪ್ಟ್ ಹೈಕೋರ್ಟಿನಲ್ಲಿ ಹಾಕಬೇಕು. ಬೇಕೆಂದೇ ಮುರಿದರು ಅಂತ ಸಾಬೀತಾಗಬೇಕು, ಮುರಿದ ದಿನದಿಂದ ಒಂದು ವರ್ಷದ ಒಳಗೆ ಹೋಗಬೇಕು. 1971ರ ಕಾಯ್ದೆಯಲ್ಲಿ 6 ತಿಂಗಳವರೆಗೆ ಸಾದಾ ಸಜೆ, 2000 ರೂಪಾಯಿವರೆಗೆ ದಂಡ ಇದೆ. ಆದರೆ ಅಮಲ್ಜಾರಿ ದಾರಿ ಇರುವಾಗ ಮೊದಲು ಅಲ್ಲಿಗೆ ಹೋಗಿ ಅನ್ನುವುದೇ ಸಾಮಾನ್ಯ. ಮಗುವನ್ನು ವಾಪಸ್ ಕೊಡದೆ ಎಲ್ಲೋ ಇಟ್ಟುಕೊಂಡಾಗ ಹೇಬಿಯಸ್ ಕಾರ್ಪಸ್ ಇದೆ, ಅಂದರೆ ಮಗುವನ್ನು ಕೋರ್ಟಿಗೆ ಹಾಜರುಪಡಿಸಿ ಅಂತ ಕೇಳುವ ಅರ್ಜಿ. ಮಗು ಒಬ್ಬರ ಹತ್ತಿರ ಇರುವುದು ಕಾನೂನಿಗೆ ವಿರುದ್ಧವಾಗಿದ್ದರೆ ಆ ಅರ್ಜಿ ನಡೆಯುತ್ತದೆ ಅಂತ 2019ರಲ್ಲಿ ತೇಜಸ್ವಿನಿ ಗೌಡ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಆರು ದಿನ ಅರವತ್ತು ದಿನ ಆಗಿದ್ದರೆ ನಾನೇ ಆ ದಾರಿ ಹೇಳುತ್ತಿದ್ದೆ.

ಕಿಡ್ನ್ಯಾಪ್ ಕೇಸಿಗೆ ಆತುರ ಬೇಡ. ತಂದೆಯೂ ಸಹಜ ಪೋಷಕ, ಹಾಗಾಗಿ ಠಾಣೆಯವರು ಹಿಂಜರಿಯುತ್ತಾರೆ. ಆದೇಶದ ಪ್ರತಿ ಜೊತೆಗಿಟ್ಟು ಲಿಖಿತ ದೂರು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಸಿವಿಲ್ ಮ್ಯಾಟರ್ ಅಂದರೆ ಅದನ್ನೇ ಹಿಂಬರಹದಲ್ಲಿ ಬರೆದುಕೊಡಲು ಕೇಳಿ. ನೀವು ಸುಮ್ಮನೆ ಕೂತಿರಲಿಲ್ಲ ಅನ್ನುವುದಕ್ಕೆ ಆ ಒಂದು ಹಾಳೆ ಸಾಕ್ಷಿ.

ಆದರೆ ಮಗುವಿಗೆ ನಿಜವಾದ ಅಪಾಯ ಇದ್ದರೆ, ಕುಡಿದು ಗಾಡಿ ಓಡಿಸುವುದು, ಹೊಡೆಯುವುದು, ಅದಕ್ಕಿಂತ ಕೆಟ್ಟದ್ದು, ಆಗ ಈ ತಾಳ್ಮೆಯ ಮಾತು ಯಾವುದೂ ಬೇಡ. 112, ಮಕ್ಕಳ ಸಹಾಯವಾಣಿ 1098, ಮರುದಿನವೇ ಕೋರ್ಟಿನಲ್ಲಿ ತುರ್ತು ಅರ್ಜಿ. ಭೇಟಿ ತಡೆಹಿಡಿಯಿರಿ, ಇಲ್ಲವೇ ಯಾರಾದರೂ ಎದುರಿಗೆ ಇದ್ದು ಭೇಟಿ ಆಗಲಿ ಅಂತ ಕೇಳಬಹುದು.

ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿನ ಹಕ್ಕಿದೆ. ಸಹಾಯವಾಣಿ 15100.

ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಕಾನೂನಿನ ಉತ್ತರ ಮಾತ್ರ ಇದೆ. ಬುದ್ಧಿ ಬಂದ ಮಗುವಿನ ಇಷ್ಟವನ್ನು ಕೋರ್ಟ್ ಕೇಳುತ್ತದೆ. ಜಡ್ಜ್ ತಮ್ಮ ಚೇಂಬರಿನಲ್ಲಿ ಮಗುವಿನ ಜೊತೆ ಒಬ್ಬರೇ ಮಾತಾಡುವುದೂ ಉಂಟು. ಆದರೆ "ಅವಳಿಗೆ ಇಷ್ಟ ಇರಲಿಲ್ಲ" ಅಂತ ಅಪ್ಪನೋ ಅಮ್ಮನೋ ತಾವೇ ತೀರ್ಮಾನ ಮಾಡಿ ಆದೇಶ ಬದಲಿಸಿಕೊಳ್ಳಲು ಬರುವುದಿಲ್ಲ.

ನ್ಯೂಜೆರ್ಸಿ ಕನ್ನಡಿಗ:

ಇಲ್ಲಿಯ ಅನುಭವ ಸ್ವಲ್ಪ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ತಪ್ಪಿಸಿದ ದಿನಗಳಿಗೆ ಬದಲಿ ದಿನ ಕೊಡಿಸುವ ಅಧಿಕಾರ ಕೋರ್ಟಿನ ನಿಯಮದಲ್ಲೇ ಇದೆ. ನನಗೆ ಹಾಗೆ ಮೂರು ವಾರಾಂತ್ಯ ವಾಪಸ್ ಸಿಕ್ಕಿತು. ಮೈಸೂರಿನ ಮೇಡಂ, ನೀವೂ ಹೀಗೆ ಏನಾದರೂ ಕೇಳಬಹುದು ಅನ್ನಿಸುತ್ತದೆ.

ಹೊರದೇಶದಲ್ಲಿ ಇರುವವರಿಗೆ ಒಂದು ಮಾತು. ಮಗುವನ್ನು ಊರಿಗೆ ಕರೆದುಕೊಂಡು ಹೋಗಿ ವಾಪಸ್ ತರದೆ ಇರುವುದು ನಮ್ಮವರಲ್ಲಿ ಆಗುತ್ತಲೇ ಇರುತ್ತದೆ. ಹೀಗೆ ಕರೆದೊಯ್ದ ಮಕ್ಕಳನ್ನು ಬೇಗ ವಾಪಸ್ ಕಳಿಸಲು 1980ರ ಹೇಗ್ ಒಪ್ಪಂದ ಇದೆ, ಆದರೆ ಭಾರತ ಅದಕ್ಕೆ ಸೇರಿಲ್ಲ. ಅಂದರೆ ಅಮೆರಿಕದ ಆದೇಶ ತೋರಿಸಿದ ಕೂಡಲೇ ಮಗು ಸಿಗುವುದಿಲ್ಲ. ಭಾರತದ ಕೋರ್ಟ್ ಮಗುವಿನ ಹಿತವನ್ನು ತಾನೇ ನೋಡುತ್ತದೆ. ಹಾಗಂತ ಅಲ್ಲಿ ಯಾರೂ ಕೇಳುವುದಿಲ್ಲ ಅಂತ ತಿಳಿಯಬೇಡಿ. ಅಮೆರಿಕದಲ್ಲಿದ್ದ ಒಬ್ಬ ತಂದೆ ಮಗನನ್ನು ಭಾರತಕ್ಕೆ ವಾಪಸ್ ತರುತ್ತೇನೆ ಅಂತ ಒಪ್ಪಿ ತರಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 6 ತಿಂಗಳ ಜೈಲು, 25 ಲಕ್ಷ ರೂಪಾಯಿ ದಂಡ ಹಾಕಿತು. ಅನುಮಾನ ಇದ್ದರೆ ಟಿಕೆಟ್ ಬುಕ್ ಆಗುವ ಮೊದಲೇ ಪಾಸ್‌ಪೋರ್ಟ್ ಯಾರ ಹತ್ತಿರ ಇರಬೇಕು ಅನ್ನುವುದನ್ನು ಆದೇಶದಲ್ಲಿ ಬರೆಸಿ. ವಿಮಾನ ಹಾರಿದ ಮೇಲೆ ಎಲ್ಲವೂ ಹತ್ತು ಪಟ್ಟು ಕಷ್ಟ.

ಆ ಮಗು ನಾನು:

ನನಗೆ ಈಗ ಇಪ್ಪತ್ನಾಲ್ಕು. ಒಂಬತ್ತರಿಂದ ಹದಿನೈದರವರೆಗೆ ನಾನು ಹೀಗೆ ಹೋಗಿ ಬರುತ್ತಿದ್ದ ಮಗು. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಕೊಡಬಹುದು ಅನ್ನಿಸಿತು, ಆಂಟಿ.

"ಇಲ್ಲೇ ಇರ್ತೀನಿ" ಅಂತ ನಾನೂ ಅಂದಿದ್ದೇನೆ. ಅಪ್ಪನ ಮನೆಯಲ್ಲಿ ಹಾಗೆ ಅಂದರೆ ಅಪ್ಪನಿಗೆ ಖುಷಿ ಆಗುತ್ತಿತ್ತು. ಅಮ್ಮನ ಮನೆಗೆ ಬಂದು "ಅಲ್ಲಿ ಬೇಜಾರಾಯ್ತು" ಅಂದರೆ ಅಮ್ಮನಿಗೆ ಖುಷಿ ಆಗುತ್ತಿತ್ತು. ಎರಡೂ ಸುಳ್ಳಲ್ಲ. ಎರಡನ್ನೂ ಹೇಳಿಸಿದ್ದು ಅವರ ಮುಖ. ಇನ್ನೊಂದು ಕಾರಣ ಇತ್ತು. ನನಗೆ ಭಯ ಇದ್ದದ್ದು ಭಾನುವಾರ ಸಂಜೆಯ ಗೇಟು. ಕಾರು ನಿಲ್ಲುತ್ತಿತ್ತು, ಅಮ್ಮ ಗಡಿಯಾರ ನೋಡುತ್ತಾ ನಿಂತಿರುತ್ತಿದ್ದರು, ಅಪ್ಪ ಇಳಿಯುತ್ತಲೇ ಇರಲಿಲ್ಲ. ನಾನು ಬ್ಯಾಗ್ ಎಳೆದುಕೊಂಡು ಆ ಹತ್ತು ಹೆಜ್ಜೆ ಒಬ್ಬಳೇ ನಡೆಯಬೇಕಿತ್ತು. ಆ ಹತ್ತು ಹೆಜ್ಜೆ ತಪ್ಪಲಿ ಅಂತ ಅಲ್ಲೇ ಇರುತ್ತೇನೆ ಅನ್ನುತ್ತಿದ್ದೆ.

ಹಾಗಾಗಿ ಅವಳು ಹಾಗೆ ಅಂದಿದ್ದರೂ ನಿಮ್ಮನ್ನು ಬಿಟ್ಟಳು ಅಂತ ಅಲ್ಲ. ಬಂದ ಕೂಡಲೇ ಏನು ತಿಂದೆ, ಯಾರು ಬಂದಿದ್ದರು, ನನ್ನ ಬಗ್ಗೆ ಏನಂದರು ಅಂತ ಕೇಳಬೇಡಿ. ನಮ್ಮಮ್ಮ ಒಂದು ಸಲ ನನ್ನ ಬ್ಯಾಗಿನಲ್ಲಿ ರೆಕಾರ್ಡ್ ಆಗುತ್ತಿದ್ದ ಫೋನ್ ಇಟ್ಟಿದ್ದರು. ಪೆನ್ಸಿಲ್ ಡಬ್ಬಿಯ ಕೆಳಗೆ ಅದು ನನ್ನ ಕೈಗೆ ಸಿಕ್ಕಿತು. ಅವರು ಕೆಟ್ಟವರಲ್ಲ, ಹೆದರಿದ್ದರು. ಆದರೆ ಆಮೇಲೆ ವರ್ಷಗಟ್ಟಲೆ ಎರಡೂ ಮನೆಯಲ್ಲಿ ನಾನು ಮಾತು ಕಮ್ಮಿ ಮಾಡಿದೆ.

ಶಿವಮೊಗ್ಗದ ಅಜ್ಜಿ:

ಮೊಮ್ಮಗಳ ಕೈಲಿ ಟೈಪ್ ಮಾಡಿಸುತ್ತಿದ್ದೇನೆ. ಈ ಹುಡುಗಿ ಬರೆದದ್ದು ಓದಿಸಿ ಕೇಳಿದೆ, ಕಣ್ಣಲ್ಲಿ ನೀರು ಬಂತು.

ನಾನು ಮಗನ ಕಡೆಯವಳು. ಮೊಮ್ಮಗುವನ್ನು ವಾಪಸ್ ಬಿಡಲು ಹೊರಟಾಗೆಲ್ಲ "ಇನ್ನೊಂದು ದಿನ ಇರಲಿ ಬಿಡೋ, ಏನಾಗುತ್ತೆ" ಅಂತ ನಾನೇ ಅನ್ನುತ್ತಿದ್ದೆ. ಪ್ರೀತಿಯಿಂದಲೇ ಅಂದದ್ದು. ಆ ಕಡೆ ಒಬ್ಬಳು ತಾಯಿ ಗೇಟಿನ ಹತ್ತಿರ ನಿಂತಿರುತ್ತಾಳೆ ಅಂತ ಹೊಳೆಯಲಿಲ್ಲ. ಒಂದು ಸಲ ಕೋರ್ಟಿನಿಂದ ನೋಟಿಸ್ ಬಂತು. ಮಗ ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡ, ನನ್ನ ಹೆಸರು ಎತ್ತಲಿಲ್ಲ. ಅವತ್ತಿಂದ ಭಾನುವಾರ 3 ಗಂಟೆಗೇ ನಾನು ಕಾಫಿ ಕೊಟ್ಟು ಹೊರಡಿಸುತ್ತೇನೆ. ಮಗಳೇ, ನಿನ್ನ ಅತ್ತೆ ಇದ್ದಾರಾ? ಇದ್ದರೆ ಯಾರ ಮೂಲಕವಾದರೂ ಅವರ ಹತ್ತಿರ ಮಾತಾಡಿಸು. ಗಂಡಸರು ಕಿವಿಗೆ ಹಾಕಿಕೊಳ್ಳದ ಮಾತು ಕೆಲವು ಸಲ ಹೆಂಗಸರ ನಡುವೆ ನಡೆಯುತ್ತದೆ.

ಹಾಸನದ ತಂಗಿ:

ನಾನು ಆತುರದಲ್ಲಿ ಬರೆದೆ ಅಕ್ಕ. ಕಳಿಸಿ. ಆದರೆ ಎಲ್ಲವನ್ನೂ ಬರೆದಿಟ್ಟುಕೊಳ್ಳಿ.

ಮೈಸೂರಿನ ಅಮ್ಮ (ಏಳು ವಾರದ ಬಳಿಕ):

ಎಲ್ಲರಿಗೂ ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ಆ ಶನಿವಾರ ಮಗಳನ್ನು ಕಳಿಸಿದೆ. ಸುಳ್ಳು ಹೇಳುವುದಿಲ್ಲ, ಕೈ ನಡುಗುತ್ತಿತ್ತು. ಒಂದು ಉದ್ದದ ನೋಟ್‌ಬುಕ್ ತಂದೆ. ತಾರೀಖು, ಬಿಡಬೇಕಾದ ಹೊತ್ತು, ಬಿಟ್ಟ ಹೊತ್ತು, ಬಂದ ಮೆಸೇಜು. ಅಷ್ಟೇ ಬರೆದೆ. ಅತ್ತದ್ದು, ಬೈದದ್ದು ಏನೂ ಬರೆಯಲಿಲ್ಲ. ಹಳೆಯ ವಾಟ್ಸಾಪ್ ಮೆಸೇಜುಗಳನ್ನು ಹುಡುಕಿ ಹಿಂದಿನ ತಾರೀಖುಗಳನ್ನೂ ತುಂಬಿಸಿದೆ. ಒಂದೂವರೆ ವರ್ಷದಲ್ಲಿ ಇಪ್ಪತ್ತೊಂದು ಸಲ ತಡ. ಶಾಲೆಯಿಂದ ಹಾಜರಿ ಪತ್ರ ತೆಗೆದುಕೊಂಡೆ. ಅಮಲ್ಜಾರಿ ಅರ್ಜಿ, ಆದೇಶ ತಿದ್ದುವ ಅರ್ಜಿ, ಎರಡೂ ಹಾಕಿಸಿದೆ.

ಎರಡನೇ ವಾಯಿದೆಗೆ ಅವರು ಬಂದರು. ಜಡ್ಜ್ ನೋಟ್‌ಬುಕ್ಕಿನ ಪುಟ ತಿರುಗಿಸಿ ನೋಡಿದರು. ಜಾಸ್ತಿ ಮಾತಾಡಲಿಲ್ಲ. ಶಾಲೆ ತಪ್ಪಿದ ದಿನಗಳ ಬಗ್ಗೆ ಮಾತ್ರ ಕೇಳಿದರು. ಅವರಿಗೆ ಉತ್ತರ ಹೊಳೆಯಲಿಲ್ಲ. ಇನ್ನು ಮೇಲೆ ಸರಿಯಾದ ಹೊತ್ತಿಗೆ ಬಿಡುತ್ತೇನೆ ಅಂತ ಬರೆದುಕೊಟ್ಟರು. ಇನ್ನೊಂದು ಸಲ ತಪ್ಪಿದರೆ ವಾರಾಂತ್ಯದ ಭೇಟಿಯನ್ನು ಕೋರ್ಟಿನ ಮಕ್ಕಳ ಕೋಣೆಗೆ ಬದಲಿಸುತ್ತೇವೆ ಅಂತ ಜಡ್ಜ್ ಎಚ್ಚರಿಸಿದರು. ತಿದ್ದಿದ ಆದೇಶದಲ್ಲಿ ಈಗ ಹೊತ್ತು, ಜಾಗ, ರಜೆಯ ತಾರೀಖು ಎಲ್ಲ ಇದೆ. ಬುಧವಾರ ರಾತ್ರಿ 7:30ಕ್ಕೆ ಅಪ್ಪನ ಜೊತೆ ವಿಡಿಯೋ ಕಾಲ್ ಕೂಡ ಇರಲಿ ಅಂತ ನಾನೇ ಕೇಳಿ ಸೇರಿಸಿದೆ. ನಮ್ಮಣ್ಣನಿಗೆ ಅದು ಇಷ್ಟ ಆಗಲಿಲ್ಲ. ಮಗಳು ಮಾತ್ರ ಬುಧವಾರ ಬೆಳಿಗ್ಗೆಯೇ ಇವತ್ತು ಕಾಲ್ ಇದೆ ಅಲ್ವಾ ಅಂತ ಕೇಳುತ್ತಾಳೆ.

ಎಲ್ಲ ಸರಿಹೋಯಿತು ಅಂತ ಅಲ್ಲ. ಮೂರು ಸಲದಲ್ಲಿ ಒಂದು ಸಲ ಇಪ್ಪತ್ತು ನಿಮಿಷ ತಡ ಆಯಿತು. ಬರೆದಿಟ್ಟೆ, ಏನೂ ಅನ್ನಲಿಲ್ಲ. ಗೇಟಿನ ವಿಷಯ ಬರೆದ ಹುಡುಗಿಗೆ ಹೇಳಬೇಕು, ಈಗ ನಾನು ಗಡಿಯಾರ ನೋಡುತ್ತಾ ನಿಲ್ಲುವುದಿಲ್ಲ. ಕಾರಿನವರೆಗೆ ನಡೆದುಹೋಗಿ ಬಾಗಿಲು ತೆಗೆದು ಬ್ಯಾಗ್ ನಾನೇ ತೆಗೆದುಕೊಳ್ಳುತ್ತೇನೆ. ಅವರಿಗೆ ನಮಸ್ಕಾರ ಅನ್ನುತ್ತೇನೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ.

ದಾವಣಗೆರೆಯ ಅಣ್ಣ, ನಿಮ್ಮದು ಏನಾಯಿತು?

ದಾವಣಗೆರೆ ಅಪ್ಪ:

ಓದಿ ಮನಸ್ಸಿಗೆ ಸಮಾಧಾನ ಆಯಿತು ಅಕ್ಕ.

ನನ್ನದು ನಿಧಾನ. ಆ ಕಡೆಯವರು ಎರಡು ಸಲ ವಾಯಿದೆ ಕೇಳಿದರು. ನಾನೂ ಪ್ರತಿ ಸಲದ ಟಿಕೆಟ್ಟನ್ನು ಒಂದು ಪುಸ್ತಕಕ್ಕೆ ಅಂಟಿಸಿ, ಬಂದ, ಬರಲಿಲ್ಲ ಅಂತ ಪಕ್ಕದಲ್ಲಿ ಬರೆದಿದ್ದೆ. ಅದನ್ನೇ ಅರ್ಜಿಯ ಜೊತೆ ಕೊಟ್ಟೆ. ಭೇಟಿ ತಪ್ಪಿದರೆ ಮುಂದಿನ ಶನಿವಾರ ಅದಕ್ಕೆ ಬದಲಿ, ಜ್ವರ ಅಂದರೆ ಡಾಕ್ಟರ ಚೀಟಿ ತರಬೇಕು ಅಂತ ಕಳೆದ ತಿಂಗಳು ಆದೇಶ ಆಯಿತು.

ಮೊನ್ನೆ ಬಂದಿದ್ದ. ಮೊದಲ ಅರ್ಧ ಗಂಟೆ ಅಮ್ಮನ ಕಡೆ ನೋಡುತ್ತಲೇ ಇದ್ದ, ನನ್ನ ಹತ್ತಿರ ಬರಲಿಲ್ಲ. ನಾನೂ ಕರೆಯಲಿಲ್ಲ. ನೆಲದ ಮೇಲೆ ಕೂತು ಅಲ್ಲಿದ್ದ ಬ್ಲಾಕ್‌ಗಳಲ್ಲಿ ರೈಲು ಮಾಡಲು ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಬಂದು "ಇದಕ್ಕೆ ಇಂಜಿನ್ ಎಲ್ಲಿ?" ಅಂದ. ಇಬ್ಬರೂ ಸೇರಿ ಇಂಜಿನ್ ಮಾಡಿದೆವು. ಬಿಸ್ಕತ್ತಿನ ಡಬ್ಬಿ ಈ ಸಲ ಖಾಲಿ ಮಾಡಿಕೊಂಡು ಬಂದೆ. ಎರಡು ಬಿಸ್ಕತ್ತು ಅವರಮ್ಮನಿಗೂ ಕೊಟ್ಟ, ಅವರೂ ತಿಂದರು.

ಮುಂದಿನ ಭೇಟಿ 22ಕ್ಕೆ. ರೈಲಿಗೆ ಸಿಗ್ನಲ್ ಬೇಕಂತೆ, ರಟ್ಟಿನಲ್ಲಿ ಮಾಡುತ್ತಿದ್ದೇನೆ.